ಸರ್ವೀಸ್, ಪ್ರಾಡಕ್ಟ್, ಜಿಸಿಸಿ: ದೊಡ್ಡ ಐಟಿ ಕಂಪನಿಗೆ ಸೇರುವ ಮುನ್ನ

ಹೋದ ತಿಂಗಳು, ಆಗಲೇ ಮೂರು ವರ್ಷ ಕೆಲಸ ಮಾಡಿರುವ ಅಕ್ಕನ ಮಗಳು ಎರಡು ಆಫರ್ ಲೆಟರ್ ಹಿಡಿದು ಮನೆಗೆ ಬಂದಳು. ಒಂದು ಹೆಸರಾಂತ ಸರ್ವೀಸ್ ಕಂಪನಿಯದು, ಅಂದರೆ ಬೇರೆ ಕಂಪನಿಗಳ ಐಟಿ ಕೆಲಸ ಮಾಡಿಕೊಡುವವರದು: ವರ್ಷಕ್ಕೆ ಒಂಬತ್ತೂವರೆ ಲಕ್ಷ, ಮೇಲೊಂದಿಷ್ಟು "ಆನ್‌ಸೈಟ್ ಅವಕಾಶ ಇದೆ" (ಅಂದರೆ ಕ್ಲೈಂಟಿನ ದೇಶಕ್ಕೇ ಕಳಿಸುತ್ತೇವೆ) ಎಂಬ ಬಾಯಿಮಾತು. ಇನ್ನೊಂದು ಅಮೆರಿಕದ ಯಾವುದೋ ದೊಡ್ಡ ಅಂಗಡಿ ಕಂಪನಿಯ ಬೆಂಗಳೂರು ಕಚೇರಿಯದು, ಇಂಥದ್ದಕ್ಕೆ ಈಗ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಎನ್ನುತ್ತಾರೆ: ಹನ್ನೆರಡು ಲಕ್ಷ. ಅರಸೀಕೆರೆಯಲ್ಲಿ ಭಾವನವರು ಆಗಲೇ ಹನ್ನೆರಡು ಲಕ್ಷವನ್ನು ಹನ್ನೆರಡು ತಿಂಗಳಿಗೆ ಹಂಚಿ, ಮಗಳಿಗೆ ತಿಂಗಳಿಗೆ ಒಂದು ಲಕ್ಷ ಎಂದು ಬೀದಿಗೆಲ್ಲ ಹೇಳಿಯಾಗಿತ್ತು. "ಚಿಕ್ಕಮ್ಮ, ಯಾವುದಕ್ಕೆ ಹೋಗಲಿ? ಪ್ರಾಡಕ್ಟ್ ಕಂಪನಿ ಸಿಗುವ ತನಕ ಕಾಯಲಾ?" ಎಂದು ಅವಳು ಕೇಳಿದಳು. ಅವತ್ತು ಊಟದ ಮೇಜಿನ ಮೇಲೆ ನಡೆದ ಲೆಕ್ಕಾಚಾರವನ್ನೇ ಸ್ವಲ್ಪ ಒಪ್ಪಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ನಾನು 2006ರಲ್ಲಿ ಒಂದು ಸರ್ವೀಸ್ ಕಂಪನಿಗೆ ಟ್ರೈನಿಯಾಗಿ ಸೇರಿದವಳು. ಆರು ವರ್ಷ ಅಲ್ಲಿ, ಆಮೇಲೆ ಐದು ವರ್ಷ ಒಂದು ಪ್ರಾಡಕ್ಟ್ ಕಂಪನಿಯಲ್ಲಿ, ಅಂದರೆ ತನ್ನದೇ ತಂತ್ರಾಂಶ ಮಾಡಿ ಮಾರುವ ಕಡೆ, ದುಡಿದೆ. ಈಗ ಜಿಸಿಸಿಯಲ್ಲಿ ಒಂಬತ್ತನೆಯ ವರ್ಷ ನಡೆಯುತ್ತಿದೆ. ಮೂರೂ ಕಡೆ ಅತ್ತಿದ್ದೇನೆ, ಮೂರೂ ಕಡೆ ಒಳ್ಳೆಯ ಗೆಳತಿಯರು ಸಿಕ್ಕಿದ್ದಾರೆ. ಹಾಗಾಗಿ ಯಾರ ಪಕ್ಷವನ್ನೂ ವಹಿಸಬೇಕಾದ ದರ್ದು ನನಗಿಲ್ಲ.

ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ

"ಆ ಕಂಪನಿ ಹೇಗಿದೆ?" ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಲಕ್ಷಗಟ್ಟಲೆ ಜನ ಕೆಲಸ ಮಾಡುವ ಕಂಪನಿ "ಹೇಗಿದೆ" ಎನ್ನುವುದು ಬೆಂಗಳೂರಿನಲ್ಲಿ ಮಳೆ ಹೇಗಿದೆ ಎಂದು ಕೇಳಿದ ಹಾಗೆ. ಮಲ್ಲೇಶ್ವರದಲ್ಲಿ ಬಿಸಿಲು ಕಾಯುತ್ತಿರುವಾಗ ಬೆಳ್ಳಂದೂರಿನಲ್ಲಿ ಕಾರು ತೇಲುತ್ತಿರುತ್ತದೆ. ನಿಮ್ಮ ಅನುಭವವನ್ನು ರೂಪಿಸುವವರು ಸುತ್ತಲಿನ ಎಂಟು ಹತ್ತು ಜನ ಮತ್ತು ಅವರ ಮೇಲಿನ ಒಬ್ಬ ಮ್ಯಾನೇಜರ್. ಆದರೆ ಆ ಮ್ಯಾನೇಜರ್ ಯಾಕೆ ಹಾಗೆ ಆಡುತ್ತಾರೆ ಎನ್ನುವುದು ತಿಳಿಯಬೇಕಾದರೆ ಒಂದು ಪ್ರಶ್ನೆ ಸಾಕು: ಈ ಕಂಪನಿಗೆ ದುಡ್ಡು ಹೇಗೆ ಬರುತ್ತದೆ, ಅದರಲ್ಲಿ ನನ್ನ ಪಾತ್ರವೇನು?

ಸರ್ವೀಸ್ ಕಂಪನಿಯಲ್ಲಿ ಉತ್ತರ ಸರಳ. 1968ರಲ್ಲಿ ಶುರುವಾದ ಟಿಸಿಎಸ್ ಇರಲಿ, 1981ರಲ್ಲಿ ಪುಣೆಯಲ್ಲಿ ಹುಟ್ಟಿ ಎರಡು ವರ್ಷಕ್ಕೆ ಬೆಂಗಳೂರಿಗೆ ಬಂದ ಇನ್ಫೋಸಿಸ್ ಇರಲಿ, ಅಡುಗೆ ಎಣ್ಣೆ ವ್ಯಾಪಾರದಿಂದ ಕಂಪ್ಯೂಟರಿಗೆ ಹೊರಳಿದ ವಿಪ್ರೋ ಇರಲಿ, ಇವರೆಲ್ಲ ಬೆಳೆದದ್ದು ಹೊರದೇಶದ ಕ್ಲೈಂಟಿಗೆ ಕೆಲಸ ಮಾಡಿಕೊಟ್ಟು ಬಿಲ್ ಕಳಿಸುವ ವ್ಯವಹಾರದಿಂದ. ನಿಮ್ಮ ತಲೆಯ ಮೇಲೆ ಗಂಟೆಗಿಷ್ಟು ಡಾಲರ್ ಎಂಬ ದರ ಇರುತ್ತದೆ. ನೀವು ಬಿಲ್ ಆದ ದಿನ ಲಾಭ, ಆಗದ ದಿನ ನಷ್ಟ. ಸರ್ವೀಸ್ ಕಂಪನಿಯ ಒಳ್ಳೆಯದೂ ಕೆಟ್ಟದ್ದೂ ಹುಟ್ಟುವುದು ಈ ಒಂದೇ ಬೇರಿನಿಂದ. ಶುಕ್ರವಾರ ಬಂದರೆ ಟೈಮ್‌ಶೀಟ್ ತುಂಬಿಸಿ ಎಂದು ಪೀಡಿಸುವುದೂ ಅದಕ್ಕೇ, ಹೊಸಬರನ್ನು ಹೆಚ್ಚು ತುಂಬಿಕೊಂಡು ಅನುಭವಸ್ಥರನ್ನು ಕಡಿಮೆ ಇಟ್ಟುಕೊಳ್ಳುವುದೂ ಅದಕ್ಕೇ. ನಿಮಗೆ ಜಾವಾ ಇಷ್ಟವಿದ್ದರೂ ಹಳೆಯ ಮೇನ್‌ಫ್ರೇಮ್ ಪ್ರಾಜೆಕ್ಟಿಗೆ ತಳ್ಳುವುದಕ್ಕೂ ಇದೇ ಕಾರಣ.

ಬೆಂಚ್ ಎಂದರೆ ಬಿಲ್ ಆಗುವ ಪ್ರಾಜೆಕ್ಟ್ ಇಲ್ಲದೆ ಸುಮ್ಮನೆ ಕೂತಿರುವ ಕಾಲ. ಅಕ್ಕನ ಮಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ, ಅವಳೂ ಎರಡು ತಿಂಗಳು ಕೂತವಳೇ. ಆದರೆ 2009ರ ಬೆಂಚ್ ಬೇರೆ ಥರ ಇತ್ತು. ಅಮೆರಿಕದ ಬ್ಯಾಂಕುಗಳು ಮಗುಚಿಬಿದ್ದ ಮೇಲೆ ನಮ್ಮ ಪ್ರಾಜೆಕ್ಟ್ ನಿಂತುಹೋಯಿತು. ಹನ್ನೊಂದು ಜನರಲ್ಲಿ ಇಬ್ಬರಿಗೆ ಬೇರೆ ಕಡೆ ಜಾಗ ಸಿಕ್ಕಿತು. ಉಳಿದವರ ಕಂಪ್ಯೂಟರುಗಳನ್ನೂ ವಾಪಸ್ ತೆಗೆದುಕೊಂಡರು. ಬೆಳಗ್ಗೆ ಒಂಬತ್ತಕ್ಕೆ ಕಂಪನಿ ಬಸ್ಸಿನಲ್ಲಿ ಇಳಿದು, ಕಾರ್ಡ್ ತೋರಿಸಿ ಒಳಗೆ ಹೋಗಿ, ಲೈಬ್ರರಿಯಲ್ಲಿ ಸರದಿಯ ಮೇಲೆ ಒಂದು ಕಂಪ್ಯೂಟರ್ ಹಿಡಿದು, ಜಾಗ ಹಂಚುವ ತಂಡಕ್ಕೆ ಅದೇ ಮೇಲ್ ಮತ್ತೆ ಕಳಿಸುತ್ತಿದ್ದೆವು. ಫುಡ್ ಕೋರ್ಟಿನಲ್ಲಿ ಒಂದೇ ಒಂದು ಕಾಫಿಯನ್ನು ಒಂದು ಗಂಟೆ ಕುಡಿಯುವುದು ಹೇಗೆಂದು ನಾನು ಕಲಿತದ್ದು ಆಗಲೇ. ನಲವತ್ತೇಳನೆಯ ದಿನ ಚೆನ್ನೈಗೆ ಹೋಗುತ್ತೀಯಾ ಎಂದರು. ಯಾವ ಪ್ರಾಜೆಕ್ಟ್ ಎಂದು ಕೇಳದೆ ಹೂಂ ಎಂದೆ.

ಇಷ್ಟಾದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಕೋಡ್ ಬರೆಯಲು ಬಾರದ ಸಿವಿಲ್ ಎಂಜಿನಿಯರಿಂಗ್ ಹುಡುಗಿಯನ್ನು ಕರೆದು, ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸುವ ಧೈರ್ಯ ಮಾಡಿದ್ದು ಸರ್ವೀಸ್ ಕಂಪನಿಗಳೇ. ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ತರಬೇತಿ ಕೇಂದ್ರದಂಥ ಜಾಗ ಪ್ರಾಡಕ್ಟ್ ಕಂಪನಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವರಿಗೆ ಕಲಿತು ಬಂದವರೇ ಬೇಕು. ಹಾಗೆಂದು ಈಗ ತರಬೇತಿಯೂ ಮೊದಲಿನ ಹಾಗೆ ತವರುಮನೆಯಲ್ಲ. 2025ರ ಫೆಬ್ರುವರಿಯಲ್ಲಿ ಅದೇ ಮೈಸೂರು ಕ್ಯಾಂಪಸ್ಸಿನಿಂದ, ಒಳಪರೀಕ್ಷೆಯಲ್ಲಿ ತೇರ್ಗಡೆಯಾಗದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿಬಿಟ್ಟದ್ದು ದೊಡ್ಡ ಸುದ್ದಿಯಾಯಿತು. ಮೂರು ಸಲ ಅವಕಾಶ ಕೊಟ್ಟಿದ್ದೆವು ಎಂದು ಕಂಪನಿ ಹೇಳಿತು. ಕಾರ್ಮಿಕ ಇಲಾಖೆಯವರು ಬಂದು ವಿಚಾರಿಸಿದರು. ಫ್ರೆಷರ್ ಸಂಬಳ ಮಾತ್ರ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಠಿಕಾಣಿ ಹೂಡಿದೆ. ಆ ವೇಳೆಗೆ ಬಿಟಿಎಂ ಲೇಔಟಿನ ಪಿಜಿ ಬಾಡಿಗೆ ಎಲ್ಲಿಗೆ ಹೋಯಿತು ಎಂದು ನಾನು ಹೇಳಬೇಕಾಗಿಲ್ಲ.

ಪ್ರಾಡಕ್ಟ್ ಕಂಪನಿಯಲ್ಲಿ ನಿಮ್ಮ ಗಂಟೆಗೆ ಯಾರೂ ಬಿಲ್ ಮಾಡುವುದಿಲ್ಲ. ಮಾರಾಟವಾಗುವುದು ತಂತ್ರಾಂಶ, ಜಾಹೀರಾತು, ಕ್ಲೌಡ್. ಆದ್ದರಿಂದ ಟೈಮ್‌ಶೀಟ್ ಕಾಟವಿಲ್ಲ, ಎಷ್ಟು ಹೊತ್ತಿಗೆ ಬಂದಿರಿ ಎಂದು ಕೇಳುವವರೂ ಕಡಿಮೆ. ಅದರ ಬದಲು ವರ್ಷದ ಕೊನೆಗೆ "ನೀನು ಮಾಡಿದ್ದರಿಂದ ಏನು ಬದಲಾಯಿತು?" ಎಂಬ ಪ್ರಶ್ನೆ ಎದುರಾಗುತ್ತದೆ. ಇಡೀ ವರ್ಷ ಕತ್ತೆಯ ಹಾಗೆ ದುಡಿದಿದ್ದರೂ ಅದನ್ನು ಎರಡು ಪುಟದಲ್ಲಿ ಬರೆದು ತೋರಿಸಲು ಬಾರದಿದ್ದರೆ ಬಡ್ತಿ ಇಲ್ಲ. ನಮ್ಮ ಕಡೆಯ ಮಕ್ಕಳು ಬಹಳ ಜನ ಸೋಲುವುದು ಇಲ್ಲೇ. ನಮ್ಮ ಕೆಲಸವನ್ನು ನಾವೇ ಹೊಗಳಿಕೊಳ್ಳಬಾರದು ಎಂದು ಮನೆಯಲ್ಲಿ ಕಲಿಸಿರುತ್ತಾರೆ, ಅಲ್ಲಿ ಅದೇ ಪರೀಕ್ಷೆ. ನನಗೆ ಮೊದಲ ಎರಡು ವರ್ಷ ಬಡ್ತಿ ತಪ್ಪಿದ್ದು ಕೋಡಿನಿಂದಲ್ಲ, ಈ ಸಂಕೋಚದಿಂದ. ಇನ್ನೊಂದು ಆನ್‌ಕಾಲ್: ನಿಮ್ಮ ವಾರ ಬಂದಾಗ ರಾತ್ರಿ ಎರಡು ಗಂಟೆಗೆ ಫೋನ್ ಕಿರುಚಿದರೂ ಎದ್ದು ಕೂರಬೇಕು. ಸೋದರತ್ತೆಯ ಮಗನ ಮದುವೆಯ ಧಾರೆಯ ಹೊತ್ತಿಗೆ ನಾನು ಛತ್ರದ ಅಡುಗೆಮನೆಯ ಹಿಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಭಟ್ಟರು ಕಾಳಜಿಯಿಂದ ಒಂದು ಲೋಟ ಮಜ್ಜಿಗೆ ತಂದಿಟ್ಟು ಹೋದರು.

ಜಿಸಿಸಿ ಎನ್ನುವುದು ಹೊಸ ಹೆಸರು, ಮೊದಲು ಕ್ಯಾಪ್ಟಿವ್ ಎನ್ನುತ್ತಿದ್ದರು. ಬ್ಯಾಂಕು, ವಿಮಾನ ತಯಾರಕರು, ಔಷಧ ಕಂಪನಿ, ಅಂಗಡಿ ಸರಪಳಿ, ಯಾರೇ ಇರಲಿ, ತಮ್ಮದೇ ಕೆಲಸವನ್ನು ತಮ್ಮದೇ ನೌಕರರಿಂದ ಇಲ್ಲಿ ಮಾಡಿಸಿಕೊಳ್ಳುವ ಕಚೇರಿ. ಬೇರು ಹುಡುಕಿದರೆ 1985ಕ್ಕೆ ಹೋಗಬೇಕು. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಹಳಬರು ಈಗಲೂ ಹೇಳುತ್ತಾರೆ. ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂ ಲೆಕ್ಕದ ಪ್ರಕಾರ 2024ರ ಹೊತ್ತಿಗೆ ದೇಶದಲ್ಲಿ 1,700ಕ್ಕೂ ಹೆಚ್ಚು ಜಿಸಿಸಿಗಳಿದ್ದವು, ಕೆಲಸ ಮಾಡುವವರು 19 ಲಕ್ಷ. ಅವುಗಳಲ್ಲಿ ಬೆಂಗಳೂರಿನ ಪಾಲೇ ದೊಡ್ಡದು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಜಿಸಿಸಿಗೆಂದೇ ಪ್ರತ್ಯೇಕ ನೀತಿ ತಂದಿತು.

ಇಲ್ಲಿ ಸಂಬಳ ಸರ್ವೀಸ್ ಕಂಪನಿಗಿಂತ ಮೇಲು, ಒತ್ತಡ ಸಾಮಾನ್ಯವಾಗಿ ಪ್ರಾಡಕ್ಟಿಗಿಂತ ಕಡಿಮೆ. ಹಾಗಾದರೆ ಕೊರತೆ ಏನು? ಯಜಮಾನಿಕೆ ದೂರದಲ್ಲಿದೆ. ಕೆಲವು ಜಿಸಿಸಿಗಳಲ್ಲಿ ಬೆಂಗಳೂರಿನವರೇ ವಿನ್ಯಾಸ ಮಾಡುತ್ತಾರೆ, ತೀರ್ಮಾನವೂ ಅವರದೇ. ಇನ್ನು ಕೆಲವು ಕಡೆ ವೈಸ್ ಪ್ರೆಸಿಡೆಂಟ್ ಎಂಬ ಹಲಗೆ ಹಾಕಿಕೊಂಡವರೂ ಒಂದು ಬಟನ್ನಿನ ಬಣ್ಣ ಬದಲಿಸಲು ರಾತ್ರಿಯ ಕಾಲ್‌ಗೆ ಕಾಯಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ: ಗಾಜಿನ ಕಟ್ಟಡ, ಬೀನ್ ಬ್ಯಾಗ್, ಒಳ್ಳೆಯ ಕಾಫಿ ಯಂತ್ರ.

ರಾತ್ರಿಯ ಕಾಲ್ ಬಗ್ಗೆ ಒಂದು ಸಣ್ಣ ವಿವರ. ಅಮೆರಿಕದ ಪಶ್ಚಿಮ ಕರಾವಳಿಯವರು ಬೆಳಗ್ಗೆ ಎಂಟಕ್ಕೆ ಮೀಟಿಂಗ್ ಇಟ್ಟರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ, ಸೋಮವಾರದಿಂದ ನಮ್ಮದು ಒಂಬತ್ತೂವರೆ. ಎಂಟೂವರೆ ಎಂದರೆ ಊಟ ತಡವಾಗುತ್ತದೆ ಅಷ್ಟೇ. ಒಂಬತ್ತೂವರೆ ಎಂದರೆ ಮಗು ಮಲಗುವ ಹೊತ್ತು. ನನ್ನ ಮಗ ಮೂರು ವರ್ಷದವನಿದ್ದಾಗ ನನ್ನ ಮೀಟಿಂಗಿನಲ್ಲಿ "ಮ್ಯೂಟ್ ಮಾಡು ಅಮ್ಮ" ಎಂದು ತಾನೇ ಹೇಳಿಕೊಡುತ್ತಿದ್ದ. ಅಮೆರಿಕದ ಪೂರ್ವ ಕರಾವಳಿ ಅಥವಾ ಯುರೋಪಿನ ಕಂಪನಿಯಾದರೆ ಈ ಕಷ್ಟ ಬಹುಪಾಲು ತಪ್ಪುತ್ತದೆ. ಸಂಬಳಕ್ಕಿಂತ ಮೊದಲು ಮುಖ್ಯ ಕಚೇರಿ ಯಾವ ಊರಿನಲ್ಲಿದೆ ಎಂದು ನೋಡು ಎಂದು ನಾನು ಹೆಣ್ಣುಮಕ್ಕಳಿಗೆ ಹೇಳುವುದು ಅದಕ್ಕೇ.

ಹನ್ನೆರಡು ಲಕ್ಷದಲ್ಲಿ ಕೈಗೆ ಬರುವುದೆಷ್ಟು

ಈಗ ಭಾವನವರ ಲೆಕ್ಕಕ್ಕೆ ಬರೋಣ. ಆಫರ್ ಲೆಟರಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇರುತ್ತದೆ, ಯಾರೂ ಓದುವುದಿಲ್ಲ. ಅವಳದರಲ್ಲಿ ಹೀಗಿತ್ತು.

ಒಟ್ಟು ಸಿಟಿಸಿ, ಅಂದರೆ ಕಂಪನಿ ಅವಳಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12,00,000. ಅದರಲ್ಲಿ ಮೂಲವೇತನ 6,00,000. ಕಂಪನಿಯ ಪಾಲಿನ ಪಿಎಫ್ ಅದರ ಶೇಕಡಾ 12, ಅಂದರೆ 72,000. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಎಂದು 28,860. ವಿಮೆಯ ಕಂತು 15,000. ವೇರಿಯಬಲ್ ಪೇ 1,20,000. ಸೇರುವಾಗ ಒಂದೇ ಸಲ ಕೊಡುವ ಜಾಯಿನಿಂಗ್ ಬೋನಸ್ 1,00,000. ಇವಿಷ್ಟನ್ನೂ ಕೂಡಿಸಿದರೆ (ಮೂಲವೇತನ ಬಿಟ್ಟು) 3,35,860. ತಿಂಗಳ ಸಂಬಳವಾಗಿ ಬರದ ದುಡ್ಡು ಇದು. ಉಳಿದ 8,64,140ನ್ನು ಹನ್ನೆರಡಕ್ಕೆ ಹಂಚಿದರೆ 72,011. ಅದರಿಂದ ಅವಳ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು ಸುಮಾರು 65,800. ಹೊಸ ತೆರಿಗೆ ಪದ್ಧತಿಯಲ್ಲಿ ಈ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಅದೊಂದು ಪುಣ್ಯ.

ಒಂದೊಂದನ್ನೂ ಕೆದಕಿ ನೋಡಬೇಕು. ಪಿಎಫ್ ನಿಮ್ಮದೇ ಉಳಿತಾಯ, ಎಂದಾದರೂ ಸಿಗುತ್ತದೆ. ಗ್ರಾಚ್ಯುಟಿ ಹಾಗಲ್ಲ, ಕಾಯಂ ನೌಕರರಾದರೆ ಐದು ವರ್ಷ ಪೂರೈಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ಮಕ್ಕಳಿಗೆ ಅದು ಗೋಡೆಯ ಮೇಲಿನ ಚಿತ್ರದ ಊಟ. ಜಾಯಿನಿಂಗ್ ಬೋನಸ್ ಮೊದಲ ವರ್ಷಕ್ಕೆ ಮಾತ್ರ, ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಅಂದರೆ ಎರಡನೆಯ ವರ್ಷ ಹೈಕ್ ಸಿಗದಿದ್ದರೆ ಅವಳ ಸಿಟಿಸಿ ಹನ್ನೊಂದು ಲಕ್ಷಕ್ಕೆ ಇಳಿಯುತ್ತದೆ. ವೇರಿಯಬಲ್ ಪೇ ಎಷ್ಟು ಸಿಗುತ್ತದೆ ಎನ್ನುವುದು ಕಂಪನಿಯ ಲಾಭ ಮತ್ತು ನಿಮ್ಮ ರೇಟಿಂಗ್ ಎರಡರ ಮೇಲೂ ನಿಂತಿದೆ. ಹೋದ ಮೂರು ವರ್ಷ ಶೇಕಡಾ ಎಷ್ಟು ಕೊಟ್ಟಿರಿ ಎಂದು ಎಚ್‌ಆರ್ ಬಳಿ ನೇರವಾಗಿ ಕೇಳಿ. ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಹಳೆಯ ಲೆಟರುಗಳಲ್ಲಿ ಮೂಲವೇತನವನ್ನು ಮೂವತ್ತು ಮೂವತ್ತೈದು ಪರ್ಸೆಂಟಿಗೆ ಇಳಿಸಿ, ಉಳಿದದ್ದನ್ನೆಲ್ಲ ಭತ್ಯೆ ಎಂದು ತೋರಿಸುತ್ತಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ವೇತನವೆಂಬುದು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಕಡಿಮೆ ಆಗಬಾರದೆಂಬ ನಿಯಮವಿದೆ. ಗ್ರಾಚ್ಯುಟಿಗೆ ಇದರಿಂದ ಒಳ್ಳೆಯದು. ಕೈಗೆ ಬರುವ ಸಂಬಳ ಸ್ವಲ್ಪ ತಗ್ಗಬಹುದು. ಎರಡು ಆಫರುಗಳನ್ನು ಹೋಲಿಸುವಾಗ ಸಿಟಿಸಿಯನ್ನು ಪಕ್ಕಕ್ಕಿಟ್ಟು, ಎರಡನೆಯ ವರ್ಷ ತಿಂಗಳಿಗೆ ಬ್ಯಾಂಕಿಗೆ ಬೀಳುವ ಮೊತ್ತವನ್ನು ಮಾತ್ರ ಬರೆದುಕೊಳ್ಳಿ. ಅವಳ ಒಂಬತ್ತೂವರೆ ಲಕ್ಷದ ಆಫರಿನಲ್ಲಿ ಜಾಯಿನಿಂಗ್ ಬೋನಸ್ಸೂ ಇರಲಿಲ್ಲ, ವೇರಿಯಬಲ್ ಪೇಯೂ ಕಡಿಮೆ. ಹಾಗೆ ಲೆಕ್ಕ ಹಾಕಿದಾಗ ಎರಡರ ನಡುವಿನ ಅಂತರ ಅರ್ಧಕ್ಕಿಂತ ಕಡಿಮೆಯಾಯಿತು.

ಷೇರಿನ ಸಿಹಿ ಮತ್ತು ಒಗರು

ಪ್ರಾಡಕ್ಟ್ ಕಂಪನಿಗಳ ಆಫರಿನಲ್ಲಿ ಆರ್‌ಎಸ್‌ಯು ಎಂಬ ಷೇರುಗಳಿರುತ್ತವೆ. ಕೆಲವು ಜಿಸಿಸಿಗಳೂ ಕೊಡುತ್ತವೆ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಸೇರುತ್ತವೆ. ಎಲ್ಲ ಕಡೆ ಕಂತು ಸಮನಾಗಿರುವುದಿಲ್ಲ. ಅಮೆಜಾನ್‌ನ ಹೆಸರಾದ ಪದ್ಧತಿಯಲ್ಲಿ ಮೊದಲ ವರ್ಷ ಶೇಕಡಾ 5, ಎರಡನೆಯ ವರ್ಷ 15, ಆಮೇಲಿನ ಎರಡು ವರ್ಷ ನಲವತ್ತು ನಲವತ್ತು. ಹಾಗಾಗಿ ಒಟ್ಟು ಮೊತ್ತವನ್ನು ನಾಲ್ಕಕ್ಕೆ ಹಂಚಿ ಖುಷಿಪಡಬೇಡಿ, ಮೊದಲ ವರ್ಷ ಎಷ್ಟು ಎಂದು ನೋಡಿ.

ಷೇರು ಕೈಸೇರಿದ ದಿನ ಅದರ ಬೆಲೆ ಸಂಬಳವೆಂದೇ ಲೆಕ್ಕ. ನೀವು ಮಾರದಿದ್ದರೂ ತೆರಿಗೆ ಬೀಳುತ್ತದೆ, ಕಂಪನಿಯೇ ಅಷ್ಟು ಷೇರು ಮಾರಿ ತೆರಿಗೆ ಕಟ್ಟಿ ಉಳಿದದ್ದನ್ನು ಅಮೆರಿಕದ ಖಾತೆಗೆ ಹಾಕುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ರಿಟರ್ನ್ಸ್ ಸಲ್ಲಿಸುವಾಗ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಇದು ಗೊತ್ತಿಲ್ಲದೆ ನಮ್ಮ ಬೀದಿಯ ಆಡಿಟರಿಗೆ ಫಾರಂ 16 (ಸಂಬಳ, ಅದರಿಂದ ಕಡಿದ ತೆರಿಗೆಯ ಪತ್ರ) ಮಾತ್ರ ಕೊಟ್ಟು ಸುಮ್ಮನಿದ್ದವರು ಬಹಳ. ಒಂದು ದಿನ ಆದಾಯ ತೆರಿಗೆ ಇಲಾಖೆಯ ಮೆಸೇಜ್ ಬಂದಾಗ, ತಾವು ಕಪ್ಪುಹಣ ಕಾಯ್ದೆಯ ವ್ಯಾಪ್ತಿಗೆ ಬಂದವರು ಎಂದು ತಿಳಿದು ಎದೆ ಝಲ್ಲೆನ್ನುತ್ತದೆ. ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇಕಡಾ 12.5 ತೆರಿಗೆ, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬಿನಂತೆ. ನಾನಂತೂ ಕೈಸೇರಿದ ತಿಂಗಳೇ ಮಾರಿ ಗೃಹಸಾಲಕ್ಕೆ ತುಂಬಿದೆ. ಮಾರದಿದ್ದವರು ಈಗ ನನ್ನನ್ನು ನೋಡಿ ನಗುತ್ತಾರೆ, ನಗಲಿ. ಸಂಬಳ ಕೊಡುವವರ ಹತ್ತಿರವೇ ಉಳಿತಾಯವನ್ನೂ ಇಡಲು ನನಗೆ ಧೈರ್ಯ ಸಾಲದು.

ಸ್ಟಾರ್ಟಪ್ ಇಸಾಪ್, ಅಂದರೆ ನೌಕರರಿಗೆ ಕಂಪನಿಯ ಷೇರು ಕೊಳ್ಳುವ ಹಕ್ಕು, ಇನ್ನೊಂದೇ ಲೋಕ. ಫ್ಲಿಪ್‌ಕಾರ್ಟನ್ನು 2018ರಲ್ಲಿ ವಾಲ್‌ಮಾರ್ಟ್ ಕೊಂಡಾಗ ಷೇರಿದ್ದ ನೌಕರರಿಗೆ ಭಾಗ್ಯದ ಬಾಗಿಲು ತೆರೆಯಿತು. ಅದೇ ಬೆಂಗಳೂರಿನ ಬೈಜೂಸ್ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಈ ಬರಹ ದೊಡ್ಡ ಕಂಪನಿಗಳ ಬಗ್ಗೆಯಾದ್ದರಿಂದ ಇಷ್ಟು ಸಾಕು.

ಕೆಲಸದ ಭದ್ರತೆ ಎಂಬ ಹಳೆಯ ನಂಬಿಕೆ

ಸರ್ವೀಸ್ ಕಂಪನಿ ಎಂದರೆ ಸಂಬಳ ಕಡಿಮೆಯಾದರೂ ಸರ್ಕಾರಿ ನೌಕರಿಯಂತೆ ಭದ್ರ ಎಂಬ ಮಾತನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಜನರನ್ನು ತೆಗೆಯುವುದಾಗಿ ಸಾಲಾಗಿ ಪ್ರಕಟಿಸಿದಾಗ ಆ ಮಾತಿಗೆ ಬೆಲೆ ಬಂದಿತ್ತು. 2025ರ ಜುಲೈಯಲ್ಲಿ ಟಿಸಿಎಸ್ಸೇ ತನ್ನ ನೌಕರರಲ್ಲಿ ಸುಮಾರು ಶೇಕಡಾ 2ರಷ್ಟು, ಅಂದರೆ ಹನ್ನೆರಡು ಸಾವಿರದಷ್ಟು ಜನರನ್ನು, ಅದರಲ್ಲೂ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕಡಿಮೆ ಮಾಡುತ್ತೇನೆ ಎಂದಾಗ ಆ ನಂಬಿಕೆಯ ಕಾಲು ಮುರಿಯಿತು. ಹೋಲಿಕೆ ಹೀಗಿದೆ: ಪ್ರಾಡಕ್ಟ್ ಕಂಪನಿಯಲ್ಲಿ ಒಂದೇ ಏಟು, ಪರಿಹಾರ ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಸರ್ವೀಸ್ ಕಂಪನಿಯಲ್ಲಿ ನಿಧಾನ: ಬೆಂಚ್, ದೂರದ ಊರಿಗೆ ವರ್ಗ, ಕೆಳಗಿನ ರೇಟಿಂಗ್, ಕೊನೆಗೆ ನೀವೇ ರಾಜೀನಾಮೆ ಬರೆದುಕೊಡಿ ಎಂಬ ಮೆಲುದನಿ. ಜಿಸಿಸಿಯಲ್ಲಿ ಆತಂಕ ಬೇರೆ ಕಡೆಯಿಂದ ಬರುತ್ತದೆ. ಮುಖ್ಯ ಕಚೇರಿಯಲ್ಲಿ ಹೊಸ ಸಿಇಒ ಬಂದು, ಈ ಕೆಲಸ ಹೊರಗೆ ಕೊಟ್ಟರೆ ಅಗ್ಗ ಎಂದು ತೀರ್ಮಾನಿಸಿದರೆ ಮುಗಿಯಿತು.

ಹಿಂದೆ ಇಷ್ಟು ಜನಕ್ಕೆ ಕೆಳಗಿನ ರೇಟಿಂಗ್ ಕೊಡಲೇಬೇಕು ಎಂಬ ಬೆಲ್ ಕರ್ವ್ ಇತ್ತು. ಮೈಕ್ರೋಸಾಫ್ಟ್ ಅಂಥ ಪದ್ಧತಿಯನ್ನು 2013ರಲ್ಲಿ ಬಿಟ್ಟದ್ದಾಗಿ ಹೇಳಿತು, ಎಷ್ಟೋ ಕಂಪನಿಗಳು ಹಿಂಬಾಲಿಸಿದವು. ಹೆಸರು ಹೋದರೂ ಸಂಬಳ ಏರಿಕೆಗೆ ಇಟ್ಟ ದುಡ್ಡು ಸೀಮಿತವಾಗಿರುವಾಗ ಯಾರಿಗೋ ಕಡಿಮೆ ಬೀಳಲೇಬೇಕಲ್ಲ.

ಬಿಡುವುದು ಎಷ್ಟು ಕಷ್ಟ

ಸೇರುವಾಗಲೇ ಬಿಡುವ ದಾರಿ ನೋಡಿಕೊಳ್ಳಬೇಕು. ದೊಡ್ಡ ಸರ್ವೀಸ್ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಬಹುತೇಕ 90 ದಿನ, ಪ್ರಾಡಕ್ಟ್ ಮತ್ತು ಜಿಸಿಸಿಗಳಲ್ಲಿ 60 ಅಥವಾ ಅದಕ್ಕೂ ಕಡಿಮೆ. ಮೂರು ತಿಂಗಳು ಕಾಯುವ ಹೊಸ ಕಂಪನಿ ಸಿಗುವುದು ಅಪರೂಪ. "ತಕ್ಷಣ ಸೇರುವವರಿಗೆ ಆದ್ಯತೆ" ಎಂಬ ಸಾಲು ಎಷ್ಟು ಜನರ ಅವಕಾಶ ನುಂಗಿದೆಯೋ. ಬಾಕಿ ದಿನಗಳ ಸಂಬಳ ಕಟ್ಟಿ ಬೇಗ ಹೋಗುವ ಅವಕಾಶ ಲೆಟರಿನಲ್ಲಿ ಇದೆಯೇ, ಅದು ನಿಮ್ಮ ಹಕ್ಕೋ ಅವರ ದಯೆಯೋ, ಆ ಒಂದು ಸಾಲನ್ನು ಎರಡು ಸಲ ಓದಿ. ರಿಲೀವಿಂಗ್ ಲೆಟರ್ ಇಲ್ಲದೆ ಹಾರಿದರೆ ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಫ್ರೆಷರುಗಳಿಗೆ ಬಾಂಡ್ ಪ್ರಶ್ನೆ ಇದ್ದೇ ಇರುತ್ತದೆ. "ಬಾಂಡ್‌ಗೆ ಕಾನೂನಿನ ಬಲವಿಲ್ಲ, ಹರಿದು ಬಿಸಾಡು" ಎಂದು ಹಾಸ್ಟೆಲ್ಲಿನಲ್ಲಿ ಹೇಳುವ ಅಣ್ಣಂದಿರ ಮಾತು ಪೂರ್ತಿ ನಿಜವಲ್ಲ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಸಾರ್ವಜನಿಕ ರಂಗದ ಬ್ಯಾಂಕಿನ ವಿಷಯ ಅದು, ನಿಜ. ಆದರೂ ಸಹಿ ಹಾಕುವಾಗ ಮೊತ್ತ ಎಷ್ಟು, ಅವಧಿ ಎಷ್ಟು ನೋಡಿ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಸಂಜೆ ಹೊತ್ತು ಬೇರೆಯವರಿಗೆ ಕೆಲಸ ಮಾಡಿಕೊಡುವ ಯೋಚನೆ ಇದ್ದರೆ 2022ರಲ್ಲಿ ವಿಪ್ರೋ ಅದೇ ಕಾರಣಕ್ಕೆ 300 ಜನರನ್ನು ತೆಗೆದದ್ದು ನೆನಪಿರಲಿ.

ದಿನಚರಿ

ಕಚೇರಿಗೆ ವಾರಕ್ಕೆಷ್ಟು ದಿನ ಎಂಬುದು ಈಗ ಸಂಬಳದಷ್ಟೇ ಮುಖ್ಯ. ಅಮೆಜಾನ್ 2025ರ ಜನವರಿಯಿಂದ ಐದೂ ದಿನ ಎಂದಿತು. ಇನ್ಫೋಸಿಸ್ ಅದೇ ಮಾರ್ಚ್‌ನಿಂದ ಕೆಲವು ಹಂತದವರೆಗಿನ ನೌಕರರಿಗೆ ತಿಂಗಳಿಗೆ ಹತ್ತು ದಿನ ಎಂದಿತು. ಈ ನಿಯಮಗಳು ಮೂರು ತಿಂಗಳಿಗೊಮ್ಮೆ ಬದಲಾಗುವುದರಿಂದ ಅದನ್ನು ನಂಬಿ ಮನೆ ಮಾಡಬೇಡಿ. ಮೆಟ್ರೊ ನಂಬಬಹುದು: ವೈಟ್‌ಫೀಲ್ಡಿಗೆ ನೇರಳೆ ಮಾರ್ಗ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂದಿವೆ. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕಿನಲ್ಲಿ ಕೆಲಸವಾದರೆ ದೇವರೇ ಗತಿ. ಬೆಂಗಳೂರೇ ಬೇಡ ಎನ್ನುವವರಿಗೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ದೊಡ್ಡ ಸರ್ವೀಸ್ ಕಂಪನಿಗಳ ಕಚೇರಿಗಳಿವೆ. ಪ್ರಾಡಕ್ಟ್ ಕಂಪನಿಗಳು ಅತ್ತ ತಲೆ ಹಾಕಿದ್ದು ಕಡಿಮೆ. ಊರ ಹತ್ತಿರ ಇರಬೇಕು ಎನ್ನುವವರಿಗೆ ಸರ್ವೀಸ್ ಕಂಪನಿಯೇ ಸರಿ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

ಹೆಣ್ಣುಮಕ್ಕಳು ಕೇಳಬೇಕಾದ ಎರಡು ವಿಷಯ. 26 ವಾರಗಳ ಹೆರಿಗೆ ರಜೆ ಕಾನೂನಿನಲ್ಲೇ ಇದೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರವೂ ಇರಬೇಕು. ಕೇಳಬೇಕಾದ್ದು ರಜೆ ಇದೆಯೇ ಎಂದಲ್ಲ, ರಜೆಯಿಂದ ಬಂದವರಿಗೆ ಆ ವರ್ಷ ಯಾವ ರೇಟಿಂಗ್ ಸಿಕ್ಕಿತು ಎಂದು. ನನಗೆ ಸಿಕ್ಕಿದ್ದು "ಸಮಾಧಾನಕರ". ಆರು ತಿಂಗಳು ಇರಲಿಲ್ಲವಲ್ಲ ಎಂದರು. ಇದ್ದ ಆರು ತಿಂಗಳ ಕೆಲಸ ಯಾರ ಲೆಕ್ಕಕ್ಕೂ ಬರಲಿಲ್ಲ. ಎರಡನೆಯದು ರಾತ್ರಿಯ ಕ್ಯಾಬ್. ಇದೆ ಎನ್ನುತ್ತಾರೆ. ಮೊದಲು ಇಳಿಯುವವರು, ಕೊನೆಗೆ ಇಳಿಯುವವರು ಯಾರು, ಜೊತೆಗೆ ಗಾರ್ಡ್ ಇರುತ್ತಾರೆಯೇ ಎಂದು ಅಲ್ಲಿ ಕೆಲಸ ಮಾಡುವ ಹುಡುಗಿಯನ್ನೇ ಕೇಳಿ.

ಯಾರ ಮಾತು ನಂಬಬೇಕು

ಅನುಭವ ಹೇಳುವವರು ಎಷ್ಟೋ ಜನ ಸಿಗುತ್ತಾರೆ. ಬೈಯುವವರು ಬಿಟ್ಟ ವಾರದಲ್ಲೇ ಬರೆದಿರುತ್ತಾರೆ, ಹೊಗಳುವವರು ಸೇರಿದ ವಾರದಲ್ಲೇ. ಎರಡನ್ನೂ ಪಕ್ಕಕ್ಕಿಡಿ. ನಿಮಗೆ ಬೇಕಾದವರು ಅದೇ ತಂಡದಲ್ಲಿ ಎರಡು ವರ್ಷ ಇದ್ದು, ಬಿಟ್ಟು ಒಂದು ವರ್ಷವಾದವರು. ಸಿಟ್ಟು ಆರಿರುತ್ತದೆ, ನೆನಪು ಹಸಿಯಾಗಿರುತ್ತದೆ. ಕಂಪನಿ ಒಳ್ಳೆಯದೇ ಎಂದು ಕೇಳಬೇಡಿ, ಕಳೆದ ಎರಡು ವರ್ಷದಲ್ಲಿ ಆ ತಂಡದಿಂದ ಎಷ್ಟು ಜನ ಬಿಟ್ಟರು, ಬಿಟ್ಟವರು ಎಲ್ಲಿಗೆ ಹೋದರು ಎಂದು ಕೇಳಿ. ಚೆನ್ನಾಗಿರುವ ತಂಡವನ್ನು ಜನ ಬಿಡುವುದು ಇನ್ನೂ ಚೆನ್ನಾಗಿರುವ ಜಾಗಕ್ಕೆ. ಕೆಟ್ಟ ತಂಡವನ್ನು ಬಿಟ್ಟವರು ಎಲ್ಲಿಗಾದರೂ ಸರಿ ಎಂದು ಹೋಗಿರುತ್ತಾರೆ.

ಇನ್ನು ಆನ್‌ಸೈಟ್. ಬಾಯಿಮಾತಿನ ಆನ್‌ಸೈಟ್ ಎಂದರೆ ಮೂಗಿಗೆ ತುಪ್ಪ ಸವರುವುದು. ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಮಿತಿಯೇ ವರ್ಷಕ್ಕೆ 85,000, ಲಾಟರಿ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಮೆರಿಕದ ಅಧ್ಯಕ್ಷರು ಘೋಷಿಸಿದ ಮೇಲಂತೂ, ಮೂರು ವರ್ಷ ಅನುಭವದ ಹುಡುಗಿಗಾಗಿ ಅಷ್ಟು ಕಟ್ಟುವ ಕಂಪನಿ ಯಾವುದು ಹೇಳಿ. ಆ ಒಂದು ವಾಕ್ಯವನ್ನು ಆಫರಿನಿಂದ ಅಳಿಸಿ ನೋಡು ಎಂದೆ ಅವಳಿಗೆ. ಅಳಿಸಿದಳು.

ನನ್ನ ಅಭಿಪ್ರಾಯ ಕೇಳುವುದಾದರೆ: ಕೋಡ್ ಬರೆದು ಅಭ್ಯಾಸವಿಲ್ಲದ ಫ್ರೆಷರ್ ಆದರೆ ಸರ್ವೀಸ್ ಕಂಪನಿಗೆ ಹೋಗಿ, ಎರಡೂವರೆ ಮೂರು ವರ್ಷಕ್ಕಿಂತ ಹೆಚ್ಚು ಕೂರಬೇಡಿ. ಅಲ್ಗಾರಿದಂ ಅಭ್ಯಾಸ ಮಾಡುವ ತಾಳ್ಮೆ, ನಿಮ್ಮ ಕೆಲಸವನ್ನು ನೀವೇ ಎತ್ತಿ ಹೇಳುವ ಗಟ್ಟಿತನ ಇದ್ದರೆ ಪ್ರಾಡಕ್ಟ್ ಕಂಪನಿಗೆ, ಅದೂ ಮೂವತ್ತರೊಳಗೆ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ, ಸಮಯ ಹೊಂದುವ ಊರಿನ ಜಿಸಿಸಿಯನ್ನು ಹುಡುಕಿ. ಮೂರರಲ್ಲೂ ಹತ್ತು ವರ್ಷ ಒಂದೇ ಕೆಲಸ ಮಾಡುತ್ತಾ ಕೂತವರನ್ನು ನಾನು ಕಂಡಿದ್ದೇನೆ, ಅವರಿಗೆ ಯಾವ ಕಂಪನಿಯಾದರೂ ಒಂದೇ.

ಅಕ್ಕನ ಮಗಳು ಮರುದಿನ ಆ ಜಿಸಿಸಿ ಮ್ಯಾನೇಜರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: "ನಮ್ಮ ತಂಡದ ಅಭಿಪ್ರಾಯ ಒಂದು, ಅಮೆರಿಕದವರದು ಇನ್ನೊಂದು ಆದರೆ ಕೊನೆಗೆ ಯಾರದು ನಡೆಯುತ್ತದೆ?" ಅಡ್ಡಗೋಡೆಯ ಮೇಲೆ ದೀಪವಿಟ್ಟ ಉತ್ತರ ಬರುತ್ತದೆ ಎಂದುಕೊಂಡಿದ್ದೆವು. ಆ ಮಹಾನುಭಾವರು ನಕ್ಕು, "ಮೂರರಲ್ಲಿ ಒಂದು ಸಲ ನಮ್ಮದು. ಮೊದಲು ಅದೂ ಇರಲಿಲ್ಲ" ಎಂದರಂತೆ. ಸುಳ್ಳು ಹೇಳದವರ ಕೆಳಗೆ ಕೆಲಸ ಮಾಡಬಹುದು ಎಂದು ಅವಳು ಅಲ್ಲಿಗೇ ಸಹಿ ಹಾಕಿದಳು. ಅರಸೀಕೆರೆಗೆ 65,800ರ ಲೆಕ್ಕ ಒಪ್ಪಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಿದ್ದಿದೆ. ಗೌರಿಹಬ್ಬಕ್ಕೆ ಹೋದಾಗ ಹೇಳೋಣ ಎಂದು ಮುಂದೂಡುತ್ತಿದ್ದೇನೆ.